ಕೂಡುವ ಲೆಕ್ಕ



‘ಕೂಡುವುದು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಅಂಕಿಗಳನ್ನು ಸೇರಿಸುವುದು ಒಂದು. ಜನ ಒಂದೆಡೆ ನೆರೆಯುವುದು ಇನ್ನೊಂದು. ಸಣ್ಣ ವ್ಯಾಪಾರವನ್ನೇ ನಂಬಿ ಬಾಳುವವರ ಮಟ್ಟಿಗೆ ಈ ಎರಡೂ ಒಂದೇ ಎಂಬುದು ಇಂದು ನಾನು ತಮ್ಮ ಮುಂದಿಡಬಯಸುವ ವಿಚಾರ.

ಹೂ ಮಾರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಬೆಳಿಗ್ಗೆ 800 ರೂಪಾಯಿಯ ಹೂ ಕೊಂಡು ಸಂಜೆಯೊಳಗೆ 1,100ಕ್ಕೆ ಮಾರುತ್ತಾಳೆ. ಲಾಭ 300 ಎಂದು ಎಣಿಸುತ್ತಾಳೆ. ಆದರೆ ಆ 800 ಪೇಟೆಯ ಕೈಸಾಲ. ಸಂಜೆಗೆ ಬಡ್ಡಿ 80. ಆಟೋ ಬಾಡಿಗೆ, ದಾರದ ಖರ್ಚು 60. ಉಳಿದ 160ರಲ್ಲಿ 70 ಉದ್ರಿ. ಕೈಯಲ್ಲಿ ನಿಂತದ್ದು 90. ಇನ್ನು ದಿನವಿಡೀ ಕಟ್ಟಿದ ಮಾಲೆಗಳ ಕೂಲಿಯನ್ನು ಅವಳು ಎಣಿಸುವುದೇ ಇಲ್ಲ. ಬಾಯಿಲೆಕ್ಕದಲ್ಲಿ ಆಕೆ ನಮ್ಮೆಲ್ಲರಿಗಿಂತ ಚುರುಕು. ಅವಳಿಗಿಲ್ಲದ್ದು ಗಣಿತವಲ್ಲ, ಮನೆಯ ಗಂಟನ್ನೂ ವ್ಯಾಪಾರದ ಗಂಟನ್ನೂ ಬೇರೆಯಿಡುವ ರೂಢಿ.

ಈ ರೂಢಿಯನ್ನು ಕಲಿಸುವವರಾರು? ಅಧಿಕಾರಿಯೊಬ್ಬರು ಬಂದು ಉಪದೇಶಿಸಿದರೆ ಆಕೆ ತಲೆದೂಗಿ ಎದ್ದುಹೋದಾಳು. ಆದರೆ ಪಕ್ಕದಲ್ಲಿ ಸೊಪ್ಪು ಮಾರುವವಳು, “ಅಕ್ಕಾ, ಬಾರದ ದುಡ್ಡನ್ನೂ ಲಾಭಕ್ಕೆ ಸೇರಿಸಿಬಿಟ್ಟೆಯಲ್ಲ!” ಎಂದರೆ ಆ ಮಾತು ನಾಟುತ್ತದೆ. ಕೇಳುವವಳ ಬುಟ್ಟಿಯಲ್ಲೂ ಅದೇ ಉದ್ರಿಯಿದೆ. ಸಮಾನರ ಪ್ರಶ್ನೆಗೆ ಅಪಮಾನದ ಮೊನೆಯಿಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲೆಕ್ಕ ಕೇಳಿ ಹಿಂದಿರುಗಿಸಿದವಳು ಅವನ ಮಡದಿ ಲಕ್ಕಮ್ಮನಲ್ಲವೇ?

ಕೂಡಿ ಹಣವನ್ನಾಳುವ ಪಾಠ ನಮ್ಮ ನಾಡಿಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. 1980ರ ದಶಕದ ನಡುವೆ, ಮೈರಾಡ ಸಂಸ್ಥೆ ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಪರಸ್ಪರ ನಂಬಿಕೆಯುಳ್ಳ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಉಳಿದುಕೊಂಡರು. ಅವುಗಳಿಗೆ ಬಂದ ಹೆಸರು ಅರ್ಥಪೂರ್ಣವಾದದ್ದು: ‘ಸಾಲ ನಿರ್ವಹಣಾ ಗುಂಪು’. ಸಾಲ ಪಡೆಯುವ ಗುಂಪಲ್ಲ, ನಿರ್ವಹಿಸುವ ಗುಂಪು. 1992ರಲ್ಲಿ ನಬಾರ್ಡ್ ದೇಶದಲ್ಲಿ ಇಂಥ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಬೆಸೆಯುವ ಪ್ರಯೋಗಕ್ಕೆ ಕೈಹಾಕಿತು.

ಇಂಥ ಗುಂಪಿನ ಸಭೆಯಲ್ಲಿ ನಾನು ಕುಳಿತದ್ದುಂಟು. ಹದಿನೈದು ಇಪ್ಪತ್ತು ಮಂದಿ. ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬಳಲ್ಲಿ. ಉಳಿತಾಯದ ಹಣವನ್ನು ಎಲ್ಲರೆದುರು ಎಣಿಸಿ, ಓದು ಬಾರದವರಿಗೂ ತಿಳಿಯುವಂತೆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ. ಸಾಲ ಕೇಳಿದವಳು, ಏತಕ್ಕೆ, ಎಷ್ಟು ದಿನಕ್ಕೆ, ಯಾವ ಆದಾಯದಿಂದ ತೀರಿಸುವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಅರ್ಥಶಾಸ್ತ್ರದ ತಿರುಳೆಲ್ಲ ಈ ಮೂರರಲ್ಲಿ ಅಡಗಿದೆ.

ಆದರೆ ಒಂದು ಎಚ್ಚರಿಕೆಯ ಮಾತು. ಗುಂಪು ಇಂದು ಅನೇಕ ಕಡೆ ಕೇವಲ ಜಾಮೀನಿನ ಸಾಧನವಾಗಿದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಬಾಗಿಲಲ್ಲಿ ನಿಲ್ಲಬೇಕು; ಒಂದು ಸಾಲ ತೀರಿಸಲು ಮತ್ತೊಂದು ಸಾಲ. ವಸೂಲಿಯ ಕಿರುಕುಳಕ್ಕೆ ಪ್ರಾಣಗಳೇ ಹೋದಾಗ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಎರಡೂ ಬಗೆಯ ಗುಂಪುಗಳಲ್ಲಿ ಅದೇ ಹೆಂಗಸರು, ಅದೇ ಜಮಖಾನ. ವ್ಯತ್ಯಾಸ ಪ್ರಶ್ನೆಯಲ್ಲಿದೆ: ಒಂದರಲ್ಲಿ ‘ಏತಕ್ಕೆ?’ ಎಂದು ಮೊದಲೇ ಕೇಳುತ್ತಾರೆ. ಇನ್ನೊಂದರಲ್ಲಿ ‘ಎಲ್ಲಿ ಕಂತು?’ ಎಂದು ಕೊನೆಯಲ್ಲಿ ಮಾತ್ರ.

ದೀಪಾವಳಿಯಂದು ಅಂಗಡಿಗಳಲ್ಲಿ ಖಾತೆ ಕಿರ್ದಿಗಳಿಗೆ ಪೂಜೆ ಸಲ್ಲುತ್ತದೆ. ಬುಟ್ಟಿ ಹೊತ್ತು ಮಾರುವವರಿಗೆ ಪೂಜಿಸಲು ಪುಸ್ತಕವೇ ಇರಲಿಲ್ಲ. ಅಂಥವರು ನಾಲ್ಕು ಜನ ಕೂಡಿ ಒಂದು ಪುಸ್ತಕ ಬರೆದುಕೊಂಡರೆ, ಅದು ಸಾಲದ ಚೀಟಿಯಾಗದೆ ಸ್ವಾತಂತ್ರ್ಯದ ಪತ್ರವಾಗುವಂತೆ ನೋಡಿಕೊಳ್ಳುವುದು ಸಾಲ ಕೊಡುವವರೆಲ್ಲರ ಹೊಣೆ.