ಹಾಲಿವುಡ್‌ನಿಂದ ಊರು ಬದಲಿಸಿದ ಎಡಿಟರ್: ವಾಲ್ಟರ್ ಮರ್ಚ್ ಕಥೆ

ಸಾಧ್ಯ ಆದ್ರೆ ಇವತ್ತಿನ ಎಪಿಸೋಡನ್ನ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಬಸ್ಸಲ್ಲಿದ್ರೂ ಪರವಾಗಿಲ್ಲ. ಯಾಕಂದ್ರೆ ಇವತ್ತು ಮಾತಾಡೋ ವ್ಯಕ್ತಿ ಸಿನಿಮಾನ ಕಣ್ಣಿಗಿಂತ ಮೊದಲು ಕಿವಿಯಿಂದ ಯೋಚನೆ ಮಾಡ್ದೋರು.

ಈ ಪಾಡ್‌ಕಾಸ್ಟ್‌ಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಇರುತ್ತೆ. "ನಮ್ಮೂರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ತೀನಿ, ರೀಲ್ಸ್ ಕಟ್ ಮಾಡ್ತೀನಿ. ಸಿನಿಮಾ ಕೆಲಸ ಬೇಕು ಅಂದ್ರೆ ಬೆಂಗಳೂರಿಗೆ ಬರಲೇಬೇಕಾ? ಮುಂಬೈ, ಹೈದರಾಬಾದ್‌ಗೆ ಹೋಗಲೇಬೇಕಾ?" ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡೋಕೆ ಆಗಲ್ಲ. ಬಾಡಿಗೆ, ಅಡ್ವಾನ್ಸ್, ಮನೆಯವರ ಆತಂಕ, ಎಲ್ಲ ಅದರೊಳಗೆ ಇದೆ. ಹಾಗಾಗಿ ಒಂದು ಕಥೆ ಹೇಳ್ತೀನಿ. ಇದು ಸಿನಿಮಾ ರಾಜಧಾನಿಗೆ ಬಂದವನ ಕಥೆ ಅಲ್ಲ, ಅಲ್ಲಿಂದ ಹೊರಗೆ ಹೋದವನ ಕಥೆ.

ಹೆಸರು ವಾಲ್ಟರ್ ಮರ್ಚ್. 1943ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ಅಪ್ಪ ಚಿತ್ರಕಲಾವಿದ. ಚಿಕ್ಕ ವಯಸ್ಸಿಂದಲೇ ಟೇಪ್ ರೆಕಾರ್ಡರ್ ಹುಚ್ಚು. ಸಿನಿಮಾ ಓದೋಕೆ ಅಂತ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಗೆ ಹೋದರು. ಅಲ್ಲಿ ಸಿಕ್ಕ ಗೆಳೆಯ ಜಾರ್ಜ್ ಲೂಕಾಸ್. ಹೌದು, ಮುಂದೆ 'ಸ್ಟಾರ್ ವಾರ್ಸ್' ಮಾಡಿದ ಅದೇ ಲೂಕಾಸ್. ಆ ಗೆಳೆತನದ ಮೂಲಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಪರಿಚಯ.

1969ರಲ್ಲಿ ಇವರೆಲ್ಲ ಒಂದು ವಿಚಿತ್ರ ತೀರ್ಮಾನ ಮಾಡ್ತಾರೆ. ಸ್ಟುಡಿಯೋ, ಲ್ಯಾಬ್, ದುಡ್ಡು, ಸ್ಟಾರ್‌ಗಳು ಎಲ್ಲ ಇರೋ ಲಾಸ್ ಏಂಜಲೀಸ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡ್ತಾರೆ. ಸುಮಾರು 600 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಗೆ ಇರೋ ದೂರ. ಅಲ್ಲಿ ಫೋಲ್ಸಮ್ ಸ್ಟ್ರೀಟ್‌ನ ಒಂದು ಹಳೇ ಗೋದಾಮಿನಲ್ಲಿ ಅಮೆರಿಕನ್ ಝೋಟ್ರೋಪ್ ಅನ್ನೋ ಕಂಪನಿ ಶುರುವಾಗುತ್ತೆ. ಕೊಪ್ಪೊಲಾ ಯುರೋಪಿನಿಂದ ಎಡಿಟಿಂಗ್, ಮಿಕ್ಸಿಂಗ್ ಮಷೀನುಗಳನ್ನ ತರಿಸಿದ್ದರು. ಮರ್ಚ್‌ಗೆ ಆಗ 26 ವರ್ಷ, ಮದುವೆ ಆಗಿತ್ತು, ಮನೇಲಿ ಪುಟ್ಟ ಮಗು ಇತ್ತು.

ಯಾಕೆ ಹೋದರು? ಬರೀ ಆದರ್ಶ ಅಂತ ಅಂದ್ಕೋಬೇಡಿ, ಒಂದು ಪ್ರಾಕ್ಟಿಕಲ್ ಕಾರಣ ಇತ್ತು. ಹಾಲಿವುಡ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಯೂನಿಯನ್. ಸೌಂಡ್ ಎಡಿಟ್ ಮಾಡೋನು ಮಿಕ್ಸ್ ಮಾಡೋ ಹಾಗಿಲ್ಲ, ಚಿತ್ರ ಕತ್ತರಿಸೋನು ಸೌಂಡ್ ಮುಟ್ಟೋ ಹಾಗಿಲ್ಲ. ಕೊಪ್ಪೊಲಾ ಅವರ 'ದ ರೈನ್ ಪೀಪಲ್' ಸಿನಿಮಾಗೆ ಮರ್ಚ್ ಸೌಂಡ್ ಕೆಲಸ ಮಾಡಿದಾಗ ಅವರ ಹತ್ರ ಯೂನಿಯನ್ ಕಾರ್ಡ್ ಇರಲಿಲ್ಲ. ಹಾಗಾಗಿ 'ಸೌಂಡ್ ಎಡಿಟರ್' ಅಂತ ಹೆಸರು ಹಾಕೋಕೆ ಆಗಲಿಲ್ಲ. 'ಸೌಂಡ್ ಮಾಂಟಾಜ್' ಅಂತ ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೋ ಚಿಕ್ಕ ಸಿನಿಮಾ ಲೋಕ, ಅಲ್ಲಿ ಈ ಗೋಡೆಗಳು ಅಷ್ಟು ಎತ್ತರ ಇರಲಿಲ್ಲ. ಒಬ್ಬನೇ ಎರಡು ಮೂರು ಕೆಲಸ ಮಾಡಬಹುದಿತ್ತು. ಮರ್ಚ್ ಜೀವನ ಪೂರ್ತಿ ನಿಂತಿರೋದು ಈ ಒಂದು ಸಡಿಲಿಕೆ ಮೇಲೆ.

ಆದರೆ ಮೊದಲ ವರ್ಷ ಹೇಗಿತ್ತು ಕೇಳಿ. ಝೋಟ್ರೋಪ್‌ನ ಮೊದಲ ಸಿನಿಮಾ 'ಟಿಎಚ್‌ಎಕ್ಸ್ 1138'. ಲೂಕಾಸ್ ನಿರ್ದೇಶನ, ಲೂಕಾಸ್ ಮತ್ತು ಮರ್ಚ್ ಸೇರಿ ಬರೆದ ಚಿತ್ರಕಥೆ. ಎಡಿಟಿಂಗ್ ನಡೆದದ್ದು ಲೂಕಾಸ್ ಮನೆಯ ಅಟ್ಟದಲ್ಲಿ. ಹಗಲು ಲೂಕಾಸ್ ಚಿತ್ರ ಕಟ್ ಮಾಡ್ತಿದ್ದರು, ರಾತ್ರಿ ಮರ್ಚ್ ಬಂದು ಸೌಂಡ್ ಮಾಡ್ತಿದ್ದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಸಿನಿಮಾ ನೋಡಿದ ವಾರ್ನರ್ ಬ್ರದರ್ಸ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಝೋಟ್ರೋಪ್ ಜೊತೆಗಿನ ಒಪ್ಪಂದವನ್ನೇ ಕೈಬಿಟ್ಟರು, ಮುಂದಿನ ಸಿನಿಮಾಗಳಿಗೆ ಅಂತ ಕೊಟ್ಟಿದ್ದ ದುಡ್ಡನ್ನ ವಾಪಸ್ ಕೇಳಿದರು. 1971ರಲ್ಲಿ ಸಿನಿಮಾ ರಿಲೀಸ್ ಆಯ್ತು, ಓಡಲಿಲ್ಲ. ಹೊಸ ಊರಿಗೆ ಬಂದು ಎರಡು ವರ್ಷ ಆಗೋದ್ರೊಳಗೆ ಕಂಪನಿ ಸಾಲದಲ್ಲಿ ಮುಳುಗಿತ್ತು.

ಬಿ.ಕಾಂ. ಓದಿದವನ ಕಣ್ಣಲ್ಲಿ ನೋಡಿದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಏನೂ ಉಳಿದಿರಲಿಲ್ಲ. ಆದರೆ ಮಷೀನುಗಳು ಇದ್ದವು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರೋ ನಾಲ್ಕು ಜನ ಇದ್ದರು. ಸಾಲ ತೀರಿಸೋಕೆ ಅಂತಲೇ ಕೊಪ್ಪೊಲಾ ಒಂದು ಮಾಫಿಯಾ ಕಾದಂಬರಿಯ ಸಿನಿಮಾ ಒಪ್ಕೊಂಡರು. ಅದೇ 1972ರ 'ದ ಗಾಡ್‌ಫಾದರ್'.

ಅದರಲ್ಲಿ ರೆಸ್ಟೋರೆಂಟ್ ಸೀನ್ ನೆನಪಿದೆಯಾ? ಮೈಕೆಲ್ ಮೊದಲ ಸಲ ಇಬ್ಬರನ್ನ ಗುಂಡಿಟ್ಟು ಕೊಲ್ಲೋದು. ಅಲ್ಲಿ ಮ್ಯೂಸಿಕ್ ಇಲ್ಲ. ಬದಲಿಗೆ ಮೇಲ್ಸೇತುವೆ ಮೇಲೆ ಹೋಗೋ ರೈಲಿನ ಕರ್ಕಶ ಸದ್ದು ಏರ್ತಾ ಹೋಗುತ್ತೆ. ರೈಲು ಒಂದು ಸಲವೂ ಕಾಣಲ್ಲ. ಆ ಸದ್ದು ಮೈಕೆಲ್ ತಲೆಯೊಳಗಿನ ಗದ್ದಲ. ಅದನ್ನ ಅಲ್ಲಿಟ್ಟಿದ್ದು ಮರ್ಚ್. ಇವತ್ತು ರಾತ್ರಿ ಆ ಸೀನ್ ಕಣ್ಮುಚ್ಚಿ ಕೇಳಿ.

1973ರಲ್ಲಿ ಲೂಕಾಸ್ ಅವರ 'ಅಮೆರಿಕನ್ ಗ್ರಾಫಿಟಿ' ಬಂತು. ಒಂದು ರಾತ್ರಿಯ ಕಥೆ, ಊರಲ್ಲಿರೋ ಎಲ್ಲ ಕಾರುಗಳಲ್ಲೂ ಒಂದೇ ರೇಡಿಯೋ ಸ್ಟೇಷನ್ ಹಾಡ್ತಾ ಇರುತ್ತೆ. ಸ್ಟುಡಿಯೋದ ಕ್ಲೀನ್ ಹಾಡನ್ನ ನೇರ ಹಾಕಿದ್ರೆ ಅದು ಬೀದಿಯಲ್ಲಿ ಕೇಳಿದ ಹಾಗೆ ಇರಲ್ಲ. ಇವರು ಏನು ಮಾಡಿದರು ಗೊತ್ತಾ? ಮನೆ ಹಿತ್ತಲಿಗೆ ಹೋಗಿ ಒಬ್ಬರು ಸ್ಪೀಕರ್ ಹಿಡ್ಕೊಂಡು ಅತ್ತ ಇತ್ತ ತಿರುಗಿಸಿದರು, ಇನ್ನೊಬ್ಬರು ದೂರದಲ್ಲಿ ಮೈಕ್ ಹಿಡ್ಕೊಂಡು ತಿರುಗಿಸಿದರು. ಹಾಡಿಗೆ ಗಾಳಿ, ಗೋಡೆ, ದೂರ ಎಲ್ಲ ಅಂಟಿಕೊಂಡು ಬಂತು. ಇದಕ್ಕೆ ಮರ್ಚ್ 'ವರ್ಲ್ಡೈಸಿಂಗ್' ಅಂತ ಹೆಸರಿಟ್ಟರು. ಇದಕ್ಕೆ ಸ್ಟುಡಿಯೋ ಬೇಡ, ಬೇಕಾಗಿದ್ದು ಒಂದು ಹಿತ್ತಲು. ನಿಮ್ಮ ಹತ್ರ ಎರಡು ಫೋನ್ ಇದ್ರೆ ನೀವೂ ಇದನ್ನ ಮಾಡಬಹುದು. ನಾನು ಈ ಪಾಡ್‌ಕಾಸ್ಟ್‌ಗೆ ಮಾಡ್ತಿರ್ತೀನಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ, 'ದ ಕಾನ್ವರ್ಸೇಶನ್'. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಶೂಟ್ ಆದ ಸಿನಿಮಾ. ಯೂನಿಯನ್ ಸ್ಕ್ವೇರ್‌ನ ಜನಸಂದಣಿಯಲ್ಲಿ ಓಡಾಡೋ ಒಂದು ಜೋಡಿಯ ಮಾತನ್ನ ಕದ್ದು ರೆಕಾರ್ಡ್ ಮಾಡೋ ಒಬ್ಬನ ಕಥೆ. ಆ ಪಾತ್ರ ಜೀನ್ ಹ್ಯಾಕ್‌ಮನ್ ಅವರದ್ದು. ಶೂಟಿಂಗ್‌ನಲ್ಲಿ ಕೆಲವು ಸೀನ್‌ಗಳು ಉಳಿದೇ ಹೋದವು, ಕೊಪ್ಪೊಲಾ 'ಗಾಡ್‌ಫಾದರ್' ಎರಡನೇ ಭಾಗಕ್ಕೆ ಹೊರಟುಬಿಟ್ಟರು. ಎಡಿಟಿಂಗ್ ಮರ್ಚ್ ಕೈಗೆ ಬಂತು. ಫೀಚರ್ ಸಿನಿಮಾದಲ್ಲಿ ಅವರು ಚಿತ್ರವನ್ನ ಎಡಿಟ್ ಮಾಡಿದ್ದು ಅದೇ ಮೊದಲು, ಜೊತೆಗೆ ರಿಚರ್ಡ್ ಚ್ಯೂ ಇದ್ದರು. ಸೌಂಡ್ ಕೂಡ ಮರ್ಚ್ ಅವರದ್ದೇ. ಹಾಲಿವುಡ್‌ನಲ್ಲಿದ್ದಿದ್ರೆ ಇವೆರಡನ್ನೂ ಒಬ್ಬನ ಕೈಗೆ ಕೊಡ್ತಿರಲಿಲ್ಲ.

ಕದ್ದು ಕೇಳಿದ ಆ ಮಾತಿನಲ್ಲಿ ಒಂದು ವಾಕ್ಯ ಇದೆ. ಅರ್ಥ ಇಷ್ಟು: ಅವಕಾಶ ಸಿಕ್ಕರೆ ಅವನು ನಮ್ಮನ್ನ ಕೊಂದುಬಿಡ್ತಾನೆ. ಈಗ 'ಕೊಂದು' ಮೇಲೆ ಒತ್ತು ಕೊಟ್ಟು ಹೇಳಿ ನೋಡಿ: ಅವನು ನಮ್ಮನ್ನ ಕೊಂದೇಬಿಡ್ತಾನೆ. ಹೇಳ್ತಿರೋರು ಪಾಪದೋರು, ಭಯದಲ್ಲಿದ್ದಾರೆ. ಈಗ ಒತ್ತನ್ನ 'ನಮ್ಮನ್ನ' ಮೇಲೆ ಹಾಕಿ: ಅವನು ನಮ್ಮನ್ನೇ ಕೊಂದುಬಿಡ್ತಾನೆ. ಅಂದ್ರೆ, ಹಾಗಾಗಿ ಮೊದಲು ನಾವೇ ಅವನನ್ನ ಮುಗಿಸೋಣ ಅಂತ! ಇಡೀ ಸಿನಿಮಾ ಈ ಒತ್ತಿನ ಮೇಲೆ ನಿಂತಿದೆ. ಮರ್ಚ್ ಆ ಜೋಡಿಯ ಮಾತನ್ನ ಶಾಂತವಾದ ಜಾಗದಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿಸಿದ್ದಾಗ ನಟ ಒಂದು ಸಲ ಹೀಗೆ ಬೇರೆ ಒತ್ತಿನಲ್ಲಿ ಹೇಳಿದ್ದರು. ಆಗ ಅದು ಸರಿ ಇಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಕೊನೆಯ ಮಿಕ್ಸ್ ಹೊತ್ತಿಗೆ ಅದೇ ಟೇಕ್ ನೆನಪಾಗಿ ಸಿನಿಮಾದ ಕೊನೆಯಲ್ಲಿ ಬಳಸಿದರು. ಕಥೆ ತಲೆಕೆಳಗಾಯ್ತು. 1974ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಈ ಸಿನಿಮಾಗೇ ಬಂತು.

ಇದೇ ಕೆಲಸದ ಮಧ್ಯೆ ಇನ್ನೊಂದು ಸಂಗತಿ ಅವರ ಗಮನಕ್ಕೆ ಬಂತು. ತಾನು ಶಾಟ್ ಎಲ್ಲಿ ಕಟ್ ಮಾಡಬೇಕು ಅಂದ್ಕೋತೀನೋ, ಬಹಳ ಸಲ ಅಲ್ಲೇ ಹ್ಯಾಕ್‌ಮನ್ ಕಣ್ಣು ಮಿಟುಕಿಸ್ತಾರೆ! ಒಂದು ರಾತ್ರಿ ಪೂರ್ತಿ ಕೆಲಸ ಮಾಡಿ, ಬೆಳಗ್ಗೆ ತಿಂಡಿಗೆ ಅಂತ ನಡ್ಕೊಂಡು ಹೋಗ್ತಿದ್ದಾಗ, ಒಂದು ಓದುವ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದ ಪತ್ರಿಕೆ ಕಣ್ಣಿಗೆ ಬಿತ್ತು. ಅದರಲ್ಲಿ ನಿರ್ದೇಶಕ ಜಾನ್ ಹ್ಯೂಸ್ಟನ್ ಸಂದರ್ಶನ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ದೃಷ್ಟಿ ಹೊರಳಿಸುವಾಗ ನಾವು ಕಣ್ಣು ಮಿಟುಕಿಸ್ತೀವಿ, ಸಿನಿಮಾದ ಕಟ್ ಅಂದ್ರೆ ಅದೇ ಅನ್ನೋ ಮಾತು ಅಲ್ಲಿತ್ತು. ಮರ್ಚ್ ಅದನ್ನ ಇನ್ನೂ ಮುಂದಕ್ಕೆ ತಗೊಂಡು ಹೋದರು: ಒಂದು ಯೋಚನೆ ಮುಗಿದು ಇನ್ನೊಂದು ಶುರುವಾಗೋ ಹೊತ್ತಿಗೆ ಕಣ್ಣು ಮಿಟುಕುತ್ತೆ, ಕಟ್ ಕೂಡ ಅಲ್ಲೇ ಬರಬೇಕು. ಅವರ ಪ್ರಸಿದ್ಧ ಪುಸ್ತಕ 'ಇನ್ ದ ಬ್ಲಿಂಕ್ ಆಫ್ ಆ್ಯನ್ ಐ'ಗೆ ಹೆಸರು ಬಂದದ್ದೇ ಇಲ್ಲಿಂದ.

ಅದೇ ಪುಸ್ತಕದಲ್ಲಿ ಒಂದು ಒಳ್ಳೇ ಕಟ್‌ಗೆ ಆರು ಅಂಶ ಹೇಳಿ, ಒಂದೊಂದಕ್ಕೂ ಅಂಕ ಕೊಟ್ಟಿದ್ದಾರೆ. ಭಾವನೆಗೆ 51, ಕಥೆಗೆ 23, ಲಯಕ್ಕೆ 10, ನೋಡೋರ ಕಣ್ಣು ಪರದೆಯ ಯಾವ ಕಡೆ ಇದೆ ಅನ್ನೋದಕ್ಕೆ 7, ಪರದೆಯ ಸಮತಲಕ್ಕೆ 5, ಜಾಗದ ನಿರಂತರತೆಗೆ 4. ಒಟ್ಟು 100. ಭಾವನೆಗೆ ಅರ್ಧಕ್ಕಿಂತ ಒಂದು ಹೆಚ್ಚು, ಅಂದ್ರೆ ಬಹುಮತ! ಏನಾದ್ರೂ ಬಿಡಲೇಬೇಕು ಅಂದ್ರೆ ಕೆಳಗಿನಿಂದ ಬಿಡ್ತಾ ಬನ್ನಿ, ಭಾವನೆ ಮಾತ್ರ ಬಿಡಬೇಡಿ. ಗ್ಲಾಸ್ ಎಡಗೈಲಿತ್ತು, ಬಲಗೈಗೆ ಬಂತು ಅಂತ ಕಾಮೆಂಟ್ ಹಾಕೋ ಗೆಳೆಯನಿಗೆ ಈ ಪಟ್ಟಿ ಫಾರ್ವರ್ಡ್ ಮಾಡಿ.

ಆಮೇಲೆ 'ಅಪೊಕ್ಯಾಲಿಪ್ಸ್ ನೌ'. ಇಲ್ಲಿ ಲೆಕ್ಕ ಕೇಳಿದ್ರೆ ತಲೆ ತಿರುಗುತ್ತೆ. ಪ್ರಿಂಟ್ ಆದ ಫಿಲ್ಮ್ ಸುಮಾರು 12.5 ಲಕ್ಷ ಅಡಿ, ಅಂದ್ರೆ 230 ಗಂಟೆಗೂ ಹೆಚ್ಚು. ಸಿನಿಮಾ ಆದದ್ದು ಎರಡೂವರೆ ಗಂಟೆಯಷ್ಟು. ಮರ್ಚ್ ಒಂದು ಲೆಕ್ಕ ಹಾಕಿದ್ದಾರೆ: ಸಿನಿಮಾದಲ್ಲಿರೋ ಕಟ್‌ಗಳನ್ನ ಎಡಿಟರ್‌ಗಳು ದುಡಿದ ದಿನಗಳಿಂದ ಭಾಗಿಸಿದ್ರೆ, ಒಬ್ಬ ಎಡಿಟರ್‌ಗೆ ದಿನಕ್ಕೆ ಬರೋದು 1.47 ಕಟ್! ಒಂದೂವರೆ ಕಟ್‌ಗೆ ಒಂದು ದಿನ. ಉಳಿದ ಹೊತ್ತು? ಅದು ಆಗದೇ ಹೋದ ಕಟ್‌ಗಳಿಗೆ, ನೋಡೋದಕ್ಕೆ, ಯೋಚಿಸೋದಕ್ಕೆ, ಕಿತ್ತು ಮತ್ತೆ ಜೋಡಿಸೋದಕ್ಕೆ.

ಸಿನಿಮಾ ಶುರುವಾಗೋದು ಸೈಗಾನ್‌ನ ಹೋಟೆಲ್ ರೂಮಿನಲ್ಲಿ. ಹೆಲಿಕಾಪ್ಟರ್ ರೆಕ್ಕೆಯ ಸದ್ದು, ತಿರುಗೋ ಸೀಲಿಂಗ್ ಫ್ಯಾನ್, ಎರಡೂ ಒಂದರೊಳಗೊಂದು ಬೆರೆಯುತ್ತೆ. ಆ ಸೌಂಡ್ ಪ್ರೇಕ್ಷಕರ ಸುತ್ತ ತಿರುಗಬೇಕು ಅಂತ ಥಿಯೇಟರಿನ ಹಿಂಬದಿಯ ಎಡ, ಬಲ ಸ್ಪೀಕರ್‌ಗಳನ್ನ ಬೇರೆ ಬೇರೆ ಮಾಡಿದರು. ಇವತ್ತು ನಿಮ್ಮ ಹೋಮ್ ಥಿಯೇಟರ್ ಡಬ್ಬದ ಮೇಲೆ 5.1 ಅಂತ ಇರುತ್ತಲ್ಲ, ಅದಕ್ಕೆ ದಾರಿ ಆದದ್ದು ಇದೇ. ಈ ಕೆಲಸಕ್ಕೆ ಮರ್ಚ್ ತಗೊಂಡ ಹೆಸರಿನಲ್ಲಿ 'ಸೌಂಡ್ ಡಿಸೈನ್' ಅನ್ನೋ ಮಾತಿತ್ತು. ಕಾರ್ಡ್ ಇಲ್ಲ ಅಂತ 'ಸೌಂಡ್ ಎಡಿಟರ್' ಅನ್ನೋ ಹೆಸರು ಸಿಗದವನಿಗೆ, ಸೌಂಡ್ ವಿಭಾಗದ ಆಸ್ಕರ್ ತಂಡದ ಜೊತೆ ಸಿಕ್ಕಿತು.

ಮುಂದಿನದ್ದು ಬೇಗ ಹೇಳ್ತೀನಿ. ಮರ್ಚ್ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಬೊಲಿನಾಸ್ ಅನ್ನೋ ಪುಟ್ಟ ಊರಿನ ತೋಟದ ಮನೆಯಲ್ಲಿ ನೆಲೆ ನಿಂತರು. 1996ರ 'ದ ಇಂಗ್ಲಿಷ್ ಪೇಷಂಟ್' ಕೆಲಸ ಅರ್ಧದಲ್ಲಿರುವಾಗ ಮನೆಯಲ್ಲಿ ಮಗನಿಗೆ ಹುಷಾರಿಲ್ಲದೆ ಆಯ್ತು. ಮನೆಯಲ್ಲೇ ಇರಬೇಕು, ಕೆಲಸವೂ ನಿಲ್ಲಬಾರದು. ಫಿಲ್ಮ್ ಬಿಟ್ಟು ಆ್ಯವಿಡ್ ಕಂಪ್ಯೂಟರ್‌ಗೆ ಬದಲಾದರು, ಮನೆ ಜಾಗದಲ್ಲೇ ಎಡಿಟ್ ಮಾಡಿದರು. ಆ ಸಿನಿಮಾಗೆ ಎಡಿಟಿಂಗ್‌ಗೂ ಸೌಂಡ್‌ಗೂ, ಎರಡೂ ಆಸ್ಕರ್. ಕಂಪ್ಯೂಟರ್‌ನಲ್ಲಿ ಎಡಿಟ್ ಆದ ಸಿನಿಮಾಗೆ ಎಡಿಟಿಂಗ್ ಆಸ್ಕರ್ ಬಂದದ್ದು ಅದೇ ಮೊದಲು. 2003ರ 'ಕೋಲ್ಡ್ ಮೌಂಟನ್' ಅನ್ನಂತೂ ಅಂಗಡಿಯಲ್ಲಿ ಸಿಗೋ ಆ್ಯಪಲ್ ಕಂಪ್ಯೂಟರಿನಲ್ಲಿ, ಫೈನಲ್ ಕಟ್ ಪ್ರೋ ಸಾಫ್ಟ್‌ವೇರ್‌ನಲ್ಲಿ ಮಾಡಿದರು. ಅಂದಹಾಗೆ, ಅವರು ಎಡಿಟ್ ಮಾಡೋದು ನಿಂತ್ಕೊಂಡು. ಅಡುಗೆಭಟ್ಟರು, ಸರ್ಜನ್‌ಗಳು ನಿಂತೇ ಕೆಲಸ ಮಾಡ್ತಾರಲ್ಲ, ಹಾಗೆ.

ಈಗ ಆ ಮೆಸೇಜಿನ ಪ್ರಶ್ನೆಗೆ ಬರ್ತೀನಿ. ಊರು ಬಿಡಬೇಕಾ?

ಈ ಕಥೆಯನ್ನ 'ಸಣ್ಣ ಊರಲ್ಲೇ ಇರಿ, ಆಸ್ಕರ್ ಬರುತ್ತೆ' ಅಂತ ದಯವಿಟ್ಟು ತಗೋಬೇಡಿ. ಮರ್ಚ್ ಮೊದಲು ಲಾಸ್ ಏಂಜಲೀಸ್‌ಗೆ ಹೋಗಿ ಓದಿದರು, ಜನರನ್ನ ಸಂಪಾದಿಸಿದರು, ಆಮೇಲೆ ಆ ಜನರ ಜೊತೆಗೇ ಹೊರಟರು. ಒಂಟಿಯಾಗಿ ಬ್ಯಾಗ್ ಹಾಕ್ಕೊಂಡು ಹೋಗಲಿಲ್ಲ. ನಮ್ಮ ಕನ್ನಡ ಸಿನಿಮಾವೂ ದಶಕಗಳ ಕಾಲ ಮದ್ರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿತ್ತು. ಬೆಂಗಳೂರಿಗೆ ಬಂದು ಬೇರು ಬಿಟ್ಟಿದ್ದು ಒಬ್ಬಿಬ್ಬರಿಂದ ಅಲ್ಲ.

ಹಾಗಾಗಿ ಬಸ್ ಟಿಕೆಟ್ ಬುಕ್ ಮಾಡೋ ಮೊದಲು ಎರಡು ಪ್ರಶ್ನೆ ಕೇಳ್ಕೊಳ್ಳಿ. ಒಂದು, ಹೋಗೋ ಊರಲ್ಲಿ ನನ್ನ ಕೆಲಸ ದೊಡ್ಡದಾಗುತ್ತಾ, ಅಥವಾ ಒಂದೇ ಗುಂಡಿ ಒತ್ತೋಕೆ ಇಟ್ಕೋತಾರಾ? ಎರಡು, ಆರು ತಿಂಗಳು ದುಡ್ಡು ಬರದೇ ಇದ್ರೂ ಜೊತೆಗೆ ಕೂತು ಕೆಲಸ ಮಾಡೋ ಇಬ್ಬರಾದ್ರೂ ಅಲ್ಲಿ ಇದ್ದಾರಾ? ಎರಡಕ್ಕೂ 'ಹೌದು' ಅಂದ್ರೆ ಹೋಗಿ. ಎರಡಕ್ಕೂ 'ಇಲ್ಲ' ಅಂದ್ರೆ, ಈಗಿರೋ ಊರಲ್ಲೇ ಆ ಇಬ್ಬರನ್ನ ಮೊದಲು ಹುಡುಕಿ. ಒಂದಕ್ಕೆ ಹೌದು, ಒಂದಕ್ಕೆ ಇಲ್ಲ ಅಂತ ಬಂದ್ರೆ ನನಗೆ ಬರೀರಿ, ಮುಂದಿನ ಎಪಿಸೋಡ್‌ನಲ್ಲಿ ಅದನ್ನೇ ಮಾತಾಡೋಣ.

ಈ ವಾರಕ್ಕೆ ಒಂದು ಹೋಂವರ್ಕ್. ಒಂದು ಹಾಡನ್ನ ಒಂದು ಫೋನಿನಲ್ಲಿ ಹಾಕಿ, ಬಚ್ಚಲುಮನೆಯಲ್ಲೋ ಟೆರೇಸ್ ಮೇಲೋ ಇಡಿ, ಇನ್ನೊಂದು ಫೋನಿನಲ್ಲಿ ದೂರದಿಂದ ರೆಕಾರ್ಡ್ ಮಾಡಿ ಕಳಿಸಿ. ಚೆನ್ನಾಗಿರೋದನ್ನ ಇಲ್ಲೇ ಕೇಳಿಸ್ತೀನಿ.