ನಮ್ಮ ಓಣಿಯ ವಕೀಲ ಕಾಕಾ



ಸುವರ್ಣ ಮಹೋತ್ಸವದಲ್ಲಿ ಕಂಪ್ಯೂಟರ್ ಬಗ್ಗೆ ಮಾತನಾಡಲು ನನಗೆ ಹೇಳಿದ್ದರು. ಅದನ್ನು ಈಗ ಮಕ್ಕಳೇ ನನಗಿಂತ ಚೆನ್ನಾಗಿ ಬಲ್ಲರು. ನಾನು ನಮ್ಮ ಓಣಿಯ ಒಬ್ಬ ವಕೀಲರ ಬಗ್ಗೆ ಹೇಳುತ್ತೇನೆ. ಹೆಸರು ಎತ್ತಬಾರದೆಂದು ಅವರೇ ತಾಕೀತು ಮಾಡಿದ್ದಾರೆ; ಹಾಗಾಗಿ ವಕೀಲ ಕಾಕಾ ಎನ್ನುತ್ತೇನೆ. ವಾರಸಾ ಹಕ್ಕು ಮತ್ತು ಮಾಜಿ ಸೈನಿಕರ ಪಿಂಚಣಿ, ಈ ಎರಡರಲ್ಲೇ ಅವರ ವಕೀಲಿ ಸಾಗಿದೆ.

ಕಮಲಾಪುರ ಕಡೆಯ ಒಬ್ಬ ತಾಯಿ ಅವರಲ್ಲಿಗೆ ಬಂದಿದ್ದರು. ತೀರಿಕೊಂಡ ಗಂಡ ಮದುವೆಗೆ ಮೊದಲು ಬ್ಯಾಂಕಿನಲ್ಲಿ ತಮ್ಮನ ಹೆಸರನ್ನು ನಾಮಿನಿಯಾಗಿ ಬರೆಸಿ, ಮುಂದೆ ಬದಲಿಸಿರಲಿಲ್ಲ. ಠೇವಣಿಯೆಲ್ಲ ಮೈದುನನ ಕೈಸೇರಿತ್ತು. "ನಾಮಿನಿ ಅಂದ್ರ ಮಾಲಕ ಅಲ್ಲವ್ವಾ, ರೊಕ್ಕ ಇಸಗೊಳ್ಳೋ ಕೈ ಅಷ್ಟ," ಎಂದರು ಕಾಕಾ. ಬ್ಯಾಂಕ್ ಠೇವಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ರಾಮ್‌ಚಂದರ್ ತಲ್ವಾರ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಮೈದುನನನ್ನು ಕರೆಸಿ ಆ ತೀರ್ಪಿನ ಸಾರ ತಿಳಿಸಿದರು. ದಾವೆ ಹೂಡುವ ಮೊದಲೇ ರೊಕ್ಕ ವಾಪಸ್ ಬಂತು, ಕಾಕಾರ ಫೀಸು ಹೋಯಿತು! ನಾವು ಸಾಫ್ಟ್‌ವೇರಿನವರು ಅರ್ಜಿಯಲ್ಲಿ 'ನಾಮಿನಿ' ಎಂದು ಒಂದು ಖಾನೆ ಇಟ್ಟು ಸುಮ್ಮನಾಗುತ್ತೇವೆ. ತುಂಬುವವರಿಗೆ ಅದರ ಅರ್ಥ ಯಾರೂ ಹೇಳುವುದಿಲ್ಲ.

ಮೃತ್ಯುಪತ್ರ ಬರೆಯುವವರೂ ನಮ್ಮಲ್ಲಿ ಕಡಿಮೆ. ಬರೆದರೂ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವುದು ಮರೆತಿರುತ್ತಾರೆ.

ಇನ್ನು ಸೈನಿಕರ ಮಾತು. ಮೊದಲು ಪಿಂಚಣಿ ತಕರಾರಿಗೆ ಬೆಂಗಳೂರಿನ ಹೈಕೋರ್ಟಿಗೆ ಓಡಬೇಕಿತ್ತು. 2008ರ ಜುಲೈಯಲ್ಲಿ ಹೈಕೋರ್ಟ್ ಪೀಠ ನಮ್ಮ ಕಲಬುರಗಿಗೇ ಬಂತು. ಆದರೆ 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಶುರುವಾಗಿ, ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿತು. ಕೋರ್ಟು ಮನೆ ಬಾಗಿಲಿಗೆ ಬಂದ ಹೊತ್ತಿಗೆ ಸೈನಿಕನ ಕೇಸು ಕೇರಳಕ್ಕೆ ಹೋಯಿತು! ಇದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಕಾಯಿಲೆಯಿಂದ ಸೇನೆ ಬಿಟ್ಟು ಬಂದವರಿಗೆ, "ಇದು ಸೇವೆಯಿಂದ ಬಂದದ್ದಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತಿತ್ತು. 2013ರ ಧರಮ್‌ವೀರ್ ಸಿಂಗ್ ತೀರ್ಪು ಅಂಥವರ ಕೈ ಹಿಡಿಯಿತು. ಸೇನೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ, ಅದು ಸೇವೆಯಿಂದ ಬಂದದ್ದಲ್ಲವೆಂದು ಸಾಬೀತು ಮಾಡುವ ಹೊಣೆ ಸೇನೆಯದು. ತಡವಾಯಿತೆಂದು ಕೈಬಿಡಬೇಕಾಗಿಯೂ ಇಲ್ಲ. ಪಿಂಚಣಿ ತಿಂಗಳು ತಿಂಗಳು ತಪ್ಪುವ ಹಕ್ಕು. 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ತಡವಾಗಿ ಹೋದರೂ ಕೇಳಬಹುದು. ಆದರೆ ಬಾಕಿ ಸಾಮಾನ್ಯವಾಗಿ ಹಿಂದಿನ 3 ವರ್ಷದ್ದಷ್ಟೇ ಸಿಗುತ್ತದೆ. ಅರ್ಜಿ ಹಾಕದೆ ಕೂತ ಪ್ರತಿ ವರ್ಷವೂ ಕಳೆದುಹೋದ ರೊಕ್ಕ.

ಇಲ್ಲಿ ಕೂತ ತಾಯಂದಿರಿಗೆ ಒಂದು ಮಾತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಕಾಕಾರನ್ನೇ ಕಾಣಬೇಕೆಂದರೆ ಸಂಜೆ ಮನೆಯಲ್ಲಿರುತ್ತಾರೆ. ಝೆರಾಕ್ಸ್ ತಂದರೆ ಬೈಯುತ್ತಾರೆ. ಡಿಸ್‌ಚಾರ್ಜ್ ಬುಕ್ಕಿನ ಮೂಲ ಪ್ರತಿಯನ್ನೇ ಒಯ್ಯಿರಿ.