ಬಾಗಿಲಲ್ಲಿ ಕೇಳುವ ನಾಲ್ಕು ಪ್ರಶ್ನೆಗಳು



ಕಾರವಾರದಿಂದ ಅಂಕೋಲೆಯವರೆಗೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುಡ್ಡ. ನಡುವಣ ನೆಲದಲ್ಲಿ ಮೀನುಗಾರರ ಕೇರಿಗಳೂ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳೂ ಇವೆ. ಇಲ್ಲಿ ಒಂದು ಮನೆಯ ಕೆಮ್ಮು ಮೂರು ಮನೆಗೆ ಕೇಳಿಸುತ್ತದೆ. ಒಂದು ಮನೆಯ ಗುಟ್ಟು ಮೂವತ್ತು ಮನೆಗೆ ಮುಟ್ಟುತ್ತದೆ. ವೈದ್ಯನಾಗಿ ನಾನು ಈ ಎರಡನ್ನೂ ಕಂಡಿದ್ದೇನೆ.

ಕ್ಷಯದ ಕ್ರಿಮಿ ಅನೇಕರ ದೇಹದಲ್ಲಿ ಸುಮ್ಮನೆ ಮಲಗಿರುತ್ತದೆ. ಅಂಥ ಹತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಅದು ರೋಗವಾಗಿ ತಲೆಯೆತ್ತೀತು. ಎಚ್.ಐ.ವಿ. ಸೋಂಕು ದೇಹದ ಕಾವಲನ್ನೇ ಕುಗ್ಗಿಸುವುದರಿಂದ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಕಫದಲ್ಲಿ ಕ್ರಿಮಿಗಳು ವಿರಳವಾಗಿದ್ದು ಸೂಕ್ಷ್ಮದರ್ಶಕಕ್ಕೆ ಕಾಣದೆಯೂ ಹೋಗಬಹುದು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಸೋಂಕಿರುವ ವಯಸ್ಕರಿಗಾಗಿ ನಾಲ್ಕು ಪ್ರಶ್ನೆಗಳನ್ನು ಗೊತ್ತುಮಾಡಿತು: ಕೆಮ್ಮಿದೆಯೆ? ಜ್ವರವಿದೆಯೆ? ರಾತ್ರಿ ಬೆವರುತ್ತದೆಯೆ? ಮೈತೂಕ ಇಳಿದಿದೆಯೆ? ಇತರರಲ್ಲಿ ಎರಡು ವಾರದ ಕೆಮ್ಮನ್ನು ಗಣಿಸಿದರೆ, ಇವರಲ್ಲಿ ಒಂದು ದಿನದ ಕೆಮ್ಮೂ ಲೆಕ್ಕಕ್ಕೆ ಬರುತ್ತದೆ. ಒಂದಕ್ಕೆ 'ಹೌದು' ಎಂದರೂ ಪರೀಕ್ಷೆಯಾಗಬೇಕು.

ರೋಗಿಗೆ ಅರಿವಿಲ್ಲವೆಂಬುದು ನಮ್ಮ ಹಳೆಯ ದೂರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಅಧ್ಯಯನ ಆ ಮಾತನ್ನು ಹುಸಿಯಾಗಿಸಿತು. ರೋಗಿಗಳಲ್ಲಿ ಬಹುಪಾಲು ಜನ ತಮ್ಮ ನೋವನ್ನು ಬಲ್ಲರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯ ಬಾಗಿಲು ತಟ್ಟಿದ್ದರು. ಆ ಬಾಗಿಲಲ್ಲಿ ತಕ್ಕ ಪ್ರಶ್ನೆ ಕೇಳುವವರು ಸಾಲದಾಗಿದ್ದರು.

ಈಗ ಪ್ರಶ್ನೆಯನ್ನೇ ರೋಗಿಯ ಬಾಗಿಲಿಗೆ ಒಯ್ಯೋಣವೆನ್ನುತ್ತೇವೆ. ಒಳ್ಳೆಯದೆ. ಆದರೆ ಅಂಕೋಲೆಯ ಕಡೆಯ ಒಬ್ಬ ತಾಯಿ ನನ್ನೊಡನೆ ಅಂದ ಮಾತು ಇನ್ನೂ ಕಿವಿಯಲ್ಲಿದೆ: "ನಮ್ಮ ಮನೆಗೊಂದಕ್ಕೇ ಬರಬೇಡಿ ಡಾಕ್ಟ್ರೇ. ಬರೂದಾದ್ರೆ ಕೇರಿಯ ಎಲ್ಲಾ ಮನೆಗೂ ಬನ್ನಿ."

ಆ ಮಾತಿನಲ್ಲಿ ನೀತಿಯೂ ಇತ್ತು, ವಿಜ್ಞಾನವೂ ಇತ್ತು. ಕ್ಷಯ ಗಾಳಿಯಿಂದ ಹರಡುವ ರೋಗ. ಎಲ್ಲರನ್ನೂ ಕೇಳುವುದರಿಂದ ನಷ್ಟವಿಲ್ಲ. ನಾವು ಎಲ್ಲ ಮನೆಗಳಿಗೂ ಹೋದೆವು, ಎಲ್ಲರಿಗೂ ಅವೇ ನಾಲ್ಕು ಪ್ರಶ್ನೆಗಳನ್ನು ಕೇಳಿದೆವು. ಎಚ್.ಐ.ವಿ. ಎಂಬ ಮೂರಕ್ಷರ ಯಾರ ಬಾಯಿಂದಲೂ ಬರಲಿಲ್ಲ. ಆ ತಾಯಿಗೆ ಮೈತೂಕ ಇಳಿದಿತ್ತು. ಪರೀಕ್ಷೆಯಲ್ಲಿ ಕ್ಷಯ ತಿಳಿದುಬಂತು. ಆರು ತಿಂಗಳ ಔಷಧ ಮುಗಿಸಿ ಅವರು ಚೇತರಿಸಿಕೊಂಡರು. ಗುಟ್ಟು ಅವರದಾಗಿಯೇ ಉಳಿಯಿತು.

ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕನ್ನು ಹೊರಗೆಡಹಬಾರದೆಂದು 2017ರ ಕಾನೂನು ವಿಧಿಸಿದೆ. ಆದರೆ ಕೇರಿಯಲ್ಲಿ ಆ ಕಾನೂನನ್ನು ಕಾಯಬೇಕಾದವರು ನಾವು, ನೀವು. ನಾಳೆ ಯಾರಾದರೂ ನಿಮ್ಮ ಬಾಗಿಲಲ್ಲಿ ನಿಂತು ಕೆಮ್ಮಿದೆಯೆ ಎಂದು ಕೇಳಿದರೆ ಬೇಸರಿಸದೆ ಉತ್ತರಿಸಿ. ನಿಮ್ಮ ಆ ಉತ್ತರದ ಮರೆಯಲ್ಲಿ ನೆರೆಮನೆಯ ಒಂದು ಜೀವ ಉಳಿದೀತು.